ಮ್ಯಾಡ್ರಿಡ್‌ನಿಂದ ಟೊಲೆಡೊಗೆ ಒಂದು ದಿನ: ಅರ್ಧ ಗೈಡ್ ಜೊತೆ, ಅರ್ಧ ನಮ್ಮಷ್ಟಕ್ಕೆ

ಟೊಲೆಡೊಗೆ ನಾನು ಮೊದಲ ಸಲ ಹೋದದ್ದು 'ಒಂದೇ ದಿನದಲ್ಲಿ ಎರಡು ಊರು' ಅನ್ನುವ ಬಸ್ ಟೂರಿನಲ್ಲಿ. ಬೆಳಿಗ್ಗೆ ಟೊಲೆಡೊ, ಮಧ್ಯಾಹ್ನ ಸೆಗೋವಿಯಾ. ಊರೊಳಗೆ ಸಿಕ್ಕಿದ್ದು ಎರಡೂವರೆ ಗಂಟೆ. ಅದರಲ್ಲೂ ಮುಕ್ಕಾಲು ಗಂಟೆ ಕತ್ತಿ ಮಾರುವ ಅಂಗಡಿಯಲ್ಲೇ ಕಳೆಯಿತು. ಗೈಡ್ ಒಂದು ಮಾತನ್ನು ಸ್ಪ್ಯಾನಿಷ್‌ನಲ್ಲಿ ಹೇಳಿ, ಅದನ್ನೇ ಇಂಗ್ಲಿಷ್‌ನಲ್ಲಿ ಹೇಳಿ, ಛತ್ರಿ ಎತ್ತಿ ಹಿಡಿದು ಮುಂದೆ ನಡೆಯುತ್ತಿದ್ದರು. ನಾವು ನಲವತ್ತು ಜನ ಹಿಂದೆ ಓಡುತ್ತಿದ್ದೆವು. ರಾತ್ರಿ ಫೋಟೊ ತೆಗೆದು ನೋಡಿದರೆ ಯಾವುದು ಚರ್ಚು, ಯಾವುದು ಮಸೀದಿ, ಯಾವುದು ಯಹೂದಿಗಳ ಸಿನಗಾಗ್ ಅಂತ ನನಗೇ ಗೊತ್ತಾಗಲಿಲ್ಲ.

ತಪ್ಪು ಪೂರ್ತಿ ನನ್ನದೂ ಅಲ್ಲ. ಊರು ಇರುವುದೇ ಹಾಗೆ. ಅಲ್ಲಿ ಒಂದು ಸಿನಗಾಗ್‌ಗೆ ಚರ್ಚಿನ ಹೆಸರಿದೆ, ಒಳಗೆ ಹೋದರೆ ಮಸೀದಿಯ ಹಾಗೆ ಕಾಣುತ್ತದೆ. ಒಂದು ಮಸೀದಿಗೆ ಕ್ರಿಸ್ತನ ಹೆಸರಿದೆ. ಎರಡನೇ ಸಲ ಅಪ್ಪ ಅಮ್ಮನ ಜೊತೆ ಹೋದಾಗ ಒಂದು ಉಪಾಯ ಮಾಡಿಕೊಂಡೆ. ಪ್ರತಿ ಕಟ್ಟಡದ ಮುಂದೆ ನಿಂತು ಎರಡೇ ಪ್ರಶ್ನೆ: ಇದನ್ನು ಯಾರಿಗಾಗಿ ಕಟ್ಟಿದರು? ಕಟ್ಟಿದ ಕೈ ಯಾರದ್ದು? ಎರಡಕ್ಕೂ ಒಂದೇ ಉತ್ತರ ಬರುವುದು ಅಪರೂಪ. ಟೊಲೆಡೊದ ಮಜಾ ಇರುವುದೇ ಅಲ್ಲಿ.

ನೀವು ಮ್ಯಾಡ್ರಿಡ್‌ಗೆ ಹೋದರೆ ಒಂದು ಪೂರ್ತಿ ದಿನ ಈ ಊರಿಗೆ ಇಡಿ. ಹೇಗೆ ಹೋಗಬೇಕು, ಗೈಡ್ ಎಲ್ಲಿ ಬೇಕು, ಎಲ್ಲಿ ಬೇಡ ಅಂತ ಒಂದೊಂದಾಗಿ ಹೇಳುತ್ತೇನೆ.

ಹೊರಡುವ ಮೊದಲು ಇಷ್ಟು ಕಥೆ ಗೊತ್ತಿರಲಿ

ಅಲ್ಲಿಯವರು ಊರಿನ ಹೆಸರನ್ನು 'ತೊಲೇದೊ' ಅನ್ನುತ್ತಾರೆ. ಮ್ಯಾಡ್ರಿಡ್‌ನಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್. ಒಂದು ಬಂಡೆಗುಡ್ಡ, ಅದರ ಮೂರು ಕಡೆ ಸುತ್ತಿಕೊಂಡು ಹರಿಯುವ ತಾಹೋ ನದಿ. ಕೋಟೆಗೆ ಹೇಳಿ ಮಾಡಿಸಿದ ಜಾಗ. 'ಚಿಕ್ಕ ಊರು, ಆದರೆ ಜಾಗದಿಂದಲೇ ಭದ್ರ' ಎಂದು ರೋಮನ್ ಇತಿಹಾಸಕಾರ ಲಿವಿ ಎರಡು ಸಾವಿರ ವರ್ಷದ ಹಿಂದೆಯೇ ಬರೆದಿದ್ದ.

ರೋಮನ್ನರ ನಂತರ ವಿಸಿಗಾತ್ ಎಂಬ ಜರ್ಮನ್ ಮೂಲದ ಜನ ಬಂದು ಇದನ್ನೇ ರಾಜಧಾನಿ ಮಾಡಿಕೊಂಡರು. 8ನೇ ಶತಮಾನದ ಆರಂಭದಲ್ಲಿ ಮುಸ್ಲಿಮರ ಕೈಗೆ ಹೋಯಿತು. 1085ರಲ್ಲಿ ಕ್ಯಾಸ್ಟೀಲ್ ಎಂಬ ಕ್ರೈಸ್ತ ರಾಜ್ಯದ ರಾಜ ಆರನೇ ಅಲ್ಫೋನ್ಸೊ ಗೆದ್ದುಕೊಂಡ. ಯಹೂದಿಗಳು ಈ ಎಲ್ಲರ ಕಾಲದಲ್ಲೂ ಇಲ್ಲಿದ್ದರು, 1492ರವರೆಗೆ. ಆ ವರ್ಷ ರಾಣಿ ಇಸಬೆಲ್ಲಾ ಮತ್ತು ರಾಜ ಫರ್ಡಿನಾಂಡ್ ಯಹೂದಿಗಳನ್ನು ದೇಶದಿಂದಲೇ ಹೊರಗೆ ಹಾಕಿದರು. 1561ರಲ್ಲಿ ರಾಜ ಎರಡನೇ ಫಿಲಿಪ್ ಆಸ್ಥಾನವನ್ನು ಮ್ಯಾಡ್ರಿಡ್‌ಗೆ ಸಾಗಿಸಿದ. ಅಲ್ಲಿಂದ ಟೊಲೆಡೊ ಬೆಳೆಯುವುದು ನಿಂತಿತು. ಹಳೇ ಊರು ಹಳೇ ಊರಾಗಿಯೇ ಉಳಿದದ್ದಕ್ಕೆ ಇದೂ ಒಂದು ಕಾರಣ. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಯಾವ ದಿನ ಹೋಗಬೇಕು

ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಕಲಬುರಗಿಯ ಏಪ್ರಿಲ್ ನೆನಪಾಗುತ್ತದೆ. ಬಂಡೆ ಕಾಯುತ್ತದೆ, ಗೋಡೆ ಕಾಯುತ್ತದೆ, ಮಧ್ಯಾಹ್ನ ಬೀದಿಯಲ್ಲಿ ಪ್ರವಾಸಿಗರು ಬಿಟ್ಟರೆ ಯಾರೂ ಇರುವುದಿಲ್ಲ.

ಸೋಮವಾರ ಬೇಡ. ಎಲ್ ಟ್ರಾನ್ಸಿತೊ ಸಿನಗಾಗ್ ಸರ್ಕಾರಿ ಮ್ಯೂಸಿಯಂ, ಆ ದಿನ ಬಾಗಿಲು ಹಾಕಿರುತ್ತದೆ. ಭಾನುವಾರ ಕೆಥೆಡ್ರಲ್ ಪ್ರವಾಸಿಗರಿಗೆ ತೆರೆಯುವುದು ಮಧ್ಯಾಹ್ನದ ಮೇಲೆ. ಹಾಗಾಗಿ ಮಂಗಳವಾರದಿಂದ ಶುಕ್ರವಾರದೊಳಗೆ ಯಾವುದಾದರೂ ದಿನ ಇಟ್ಟುಕೊಳ್ಳಿ. ಎಲ್ ಟ್ರಾನ್ಸಿತೊಗೆ ಶನಿವಾರ ಮಧ್ಯಾಹ್ನದ ಮೇಲೆ ಮತ್ತು ಭಾನುವಾರ ಉಚಿತ ಪ್ರವೇಶ ಇದೆ, ನಿಜ. ಆದರೆ ಉಳಿಯುವುದು ಎರಡು ಮೂರು ಯೂರೋ. ಅದಕ್ಕೋಸ್ಕರ ವಾರಾಂತ್ಯದ ಜನಜಂಗುಳಿಗೆ ಹೋಗಿ ಬೀಳುವುದು ಯಾಕೆ, ಅಲ್ವಾ?

ರೈಲಿನಲ್ಲೇ ಹೋಗಿ

ಮ್ಯಾಡ್ರಿಡ್‌ನ ಅತೋಚಾ ನಿಲ್ದಾಣದಿಂದ 'ಆವಾಂತ್' ಎಂಬ ವೇಗದ ರೈಲು ಹೊರಡುತ್ತದೆ. ಅರ್ಧ ಗಂಟೆ ಸ್ವಲ್ಪ ದಾಟುವಷ್ಟರಲ್ಲಿ ಟೊಲೆಡೊ. ಹೆಚ್ಚು ಕಡಿಮೆ ಗಂಟೆಗೊಂದು ರೈಲು. ಎಲ್ಲ ಸೀಟೂ ರಿಸರ್ವ್, ನಿಂತು ಹೋಗುವ ಮಾತೇ ಇಲ್ಲ. ವಾರಾಂತ್ಯದಲ್ಲಿ ಬೆಳಗಿನ ಸೀಟು ಬೇಗ ಖಾಲಿ ಆಗುತ್ತವೆ, ಕೆಲವು ದಿನ ಮುಂಚೆಯೇ ಬುಕ್ ಮಾಡಿ. ಹೋಗಿ ಬರುವ ಟಿಕೆಟ್ ಒಟ್ಟಿಗೆ ತೆಗೆದರೆ ಸ್ವಲ್ಪ ಅಗ್ಗ. ಅತೋಚಾದಲ್ಲಿ ಬ್ಯಾಗುಗಳನ್ನು ಸ್ಕ್ಯಾನ್ ಮಾಡುತ್ತಾರೆ. ಹಾಗಾಗಿ ಅರ್ಧ ಗಂಟೆ ಮೊದಲೇ ಹೋಗಿ. ನಿಲ್ದಾಣವೂ ದೊಡ್ಡದು, ಸರಿಯಾದ ಬಾಗಿಲು ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ.

ಮ್ಯಾಡ್ರಿಡ್‌ನ ಪ್ಲಾಸಾ ಎಲಿಪ್ತಿಕಾದಿಂದ ಬಸ್ಸೂ ಇದೆ. ಅಗ್ಗ, ಆದರೆ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ರೈಲು ಸಿಗದಿದ್ದರೆ ಮಾತ್ರ.

ಎಂಟೂವರೆಯ ಆಸುಪಾಸಿನ ರೈಲು ಹಿಡಿಯಿರಿ. ವಾಪಸ್ಸಿಗೆ ಸಂಜೆ ಏಳರ ನಂತರದ್ದನ್ನು ತೆಗೆದುಕೊಳ್ಳಿ. ಐದು ಗಂಟೆಯ ರೈಲು ಬುಕ್ ಮಾಡಿದರೆ ಇಡೀ ಮಧ್ಯಾಹ್ನ ಗಡಿಯಾರ ನೋಡುತ್ತಲೇ ಇರುತ್ತೀರಿ.

ಗೈಡ್ ಆರಿಸುವುದು

ಈ ಊರಿಗೆ ಗೈಡ್ ಬೇಕೇ ಬೇಕು ಅನ್ನುವವರಲ್ಲಿ ನಾನೂ ಒಬ್ಬ. ಗೋಡೆಯಲ್ಲಿ ಯಾವ ಕಲ್ಲು ರೋಮನ್ನರದ್ದು, ಯಾವುದು ವಿಸಿಗಾತರದ್ದು ಅಂತ ಯಾರಾದರೂ ಬೆರಳು ತೋರಿಸಿ ಹೇಳಬೇಕು. ಆದರೆ ಎರಡೂವರೆ ಗಂಟೆ ಸಾಕು. ಅದಕ್ಕಿಂತ ಜಾಸ್ತಿ ಆದರೆ ಕಿವಿ ಕೇಳಿಸಿಕೊಳ್ಳುವುದನ್ನು ನಿಲ್ಲಿಸುತ್ತದೆ.

ಮೂರು ದಾರಿ ಇವೆ. ಒಂದು, ಮ್ಯಾಡ್ರಿಡ್‌ನಿಂದಲೇ ಕರೆದುಕೊಂಡು ಹೋಗುವ ಬಸ್ ಟೂರು. ನಡೆಯಲು ಆಗದ ಹಿರಿಯರಿದ್ದರೆ ಇದರಲ್ಲಿ ಅನುಕೂಲವಿದೆ, ಆದರೆ ಟೊಲೆಡೊ ಒಂದನ್ನೇ ತೋರಿಸುವ ಟೂರು ತೆಗೆದುಕೊಳ್ಳಿ. ಎರಡು, ಸೊಕೊದೊವೆರ್ ಚೌಕದಿಂದ ಹೊರಡುವ 'ಉಚಿತ' ನಡಿಗೆ. ಉಚಿತ ಅಂದರೆ ಕೊನೆಗೆ ಟಿಪ್ಸ್ ಕೊಡುವುದು. ಬಿಟ್ಟಿ ಅಂತ ಸುಮ್ನೆ ಜಾರಿಕೊಳ್ಳಬೇಡಿ, ಅವರ ಹೊಟ್ಟೆಪಾಡು ಅದೇ. ಇವರು ಹೊರಗಿನಿಂದಲೇ ಕಥೆ ಹೇಳುತ್ತಾರೆ, ಸಾಮಾನ್ಯವಾಗಿ ಒಳಗೆ ಕರೆದುಕೊಂಡು ಹೋಗುವುದಿಲ್ಲ. ಮೂರು, ಸರ್ಕಾರದ ಪರವಾನಗಿ ಇರುವ ಸ್ಥಳೀಯ ಗೈಡ್ ಒಬ್ಬರನ್ನು ನಿಮ್ಮ ಗುಂಪಿಗೇ ಗೊತ್ತು ಮಾಡುವುದು. ನಾಲ್ಕೈದು ಜನ ಇದ್ದರೆ ಖರ್ಚು ಹಂಚಿಕೊಂಡು ಇದನ್ನೇ ಮಾಡಿ. ನಾವೂ ಮಾಡಿದ್ದು ಇದನ್ನೇ, ಇನ್ನೊಂದು ಕುಟುಂಬದ ಜೊತೆ ಸೇರಿ.

ಹಣ ಕೊಡುವ ಮೊದಲು ಇವನ್ನು ಕೇಳಿಕೊಳ್ಳಿ:

- ಊರೊಳಗೆ ಇರುವುದು ನಿಜವಾಗಿ ಎಷ್ಟು ಗಂಟೆ?
- ಒಂದೇ ಭಾಷೆಯಲ್ಲಿ ಹೇಳುತ್ತೀರಾ, ಎರಡರಲ್ಲಾ? ಎರಡಾದರೆ ನಿಮಗೆ ಸಿಗುವುದು ಅರ್ಧ ಕಥೆ.
- ಯಾವ ಯಾವ ಪ್ರವೇಶ ಟಿಕೆಟ್ ಇದರಲ್ಲೇ ಸೇರಿದೆ? 'ಕೆಥೆಡ್ರಲ್ ದರ್ಶನ' ಅಂತ ಬರೆದು ಹೊರಗಿನಿಂದಲೇ ತೋರಿಸುವವರಿದ್ದಾರೆ.
- ಅಂಗಡಿಗೆ ಕರೆದುಕೊಂಡು ಹೋಗುತ್ತೀರಾ? ಎಷ್ಟು ಹೊತ್ತು?

ಇನ್ನೊಂದು ಪರೀಕ್ಷೆ ಇದೆ. ಟೊಲೆಡೊಗೆ 'ಮೂರು ಸಂಸ್ಕೃತಿಗಳ ಊರು' ಅಂತ ಹೆಸರು. ಪೋಸ್ಟರ್ ನೋಡಿದರೆ ಮೂರು ಧರ್ಮದವರೂ ಅಣ್ಣತಮ್ಮಂದಿರ ಹಾಗೆ ಇದ್ದರು ಅನ್ನಿಸುತ್ತದೆ. ಹಾಗೂ ಇದ್ದರು, ಹಾಗೆ ಇಲ್ಲದೆಯೂ ಇದ್ದರು. 1391ರಲ್ಲಿ ಇಲ್ಲಿಯ ಯಹೂದಿ ಕೇರಿಯ ಮೇಲೆ ದಾಳಿ ಆಯಿತು. 1449ರಲ್ಲಿ, ಕ್ರೈಸ್ತರಾಗಿ ಮತಾಂತರಗೊಂಡ ಯಹೂದಿ ಮನೆತನದವರಿಗೆ ಊರಿನ ಅಧಿಕಾರದ ಹುದ್ದೆ ಕೊಡಬಾರದು ಅಂತ ಕಟ್ಟಳೆ ತಂದರು. ರಕ್ತದ ಲೆಕ್ಕ ಹಾಕುವ ಕೆಟ್ಟ ಪದ್ಧತಿ ಸ್ಪೇನಿನಲ್ಲಿ ಬೇರುಬಿಟ್ಟ ಕಥೆಯಲ್ಲಿ ಟೊಲೆಡೊಗೆ ದೊಡ್ಡ ಪಾಲಿದೆ. ನಿಮ್ಮ ಗೈಡ್‌ಗೆ '1391ರಲ್ಲಿ ಏನಾಯಿತು?' ಅಂತ ಮೆಲ್ಲಗೆ ಕೇಳಿ ನೋಡಿ. ನಿಂತು ಉತ್ತರ ಕೊಟ್ಟರೆ ಒಳ್ಳೆಯ ಗೈಡ್ ಸಿಕ್ಕಿದ್ದಾರೆ ಅಂತ ತಿಳಿಯಿರಿ.

ಟಿಕೆಟ್ ಮತ್ತು ಚಪ್ಪಲಿ

'ಪುಲ್ಸೇರಾ' ಎಂಬ ಕೈಪಟ್ಟಿ ಸಿಗುತ್ತದೆ. ಅದನ್ನು ಮಣಿಕಟ್ಟಿಗೆ ಕಟ್ಟಿಕೊಂಡರೆ ಏಳು ಜಾಗಕ್ಕೆ ಪ್ರವೇಶ. ನಾನು ಮುಂದೆ ಹೇಳುವ ಕ್ರಿಸ್ತೊ ದೆ ಲಾ ಲೂಸ್, ಸಾಂತೊ ತೊಮೆ, ಸಾಂತಾ ಮರಿಯಾ ಲಾ ಬ್ಲಾಂಕಾ, ಸಾನ್ ಹ್ವಾನ್ ದೆ ಲೋಸ್ ರೇಯೆಸ್ ನಾಲ್ಕೂ ಇದರಲ್ಲಿ ಬರುತ್ತವೆ. ಈ ನಾಲ್ಕು ನೋಡಿದರೆ ಕೊಟ್ಟ ದುಡ್ಡು ವಸೂಲು. ಕೆಥೆಡ್ರಲ್‌ಗೆ ಮತ್ತು ಎಲ್ ಟ್ರಾನ್ಸಿತೊಗೆ ಬೇರೆ ಟಿಕೆಟ್.

ಬೀದಿಗಳೆಲ್ಲ ಉರುಟು ಕಲ್ಲಿನವು, ಏರು ಇಳಿಜಾರು. ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಅಮ್ಮ ಸೀರೆಗೆ ಕ್ಯಾನ್ವಾಸ್ ಶೂ ಹಾಕಲು ಬೆಳಿಗ್ಗೆ ಒಪ್ಪಲಿಲ್ಲ. ಹನ್ನೊಂದು ಗಂಟೆಗೆ ತಾವಾಗಿಯೇ ಬ್ಯಾಗಿನಿಂದ ತೆಗೆಸಿಕೊಂಡು ಹಾಕಿಕೊಂಡರು.

ಬೆಳಿಗ್ಗೆ 9: ಸೇತುವೆಯಿಂದ ದನದ ಸಂತೆಗೆ

ನಿಲ್ದಾಣದಿಂದ ಊರಿನ ಮಧ್ಯಕ್ಕೆ ಸಿಟಿ ಬಸ್ಸು, ಟ್ಯಾಕ್ಸಿ ಎರಡೂ ಇವೆ. ಕಾಲು ಗಟ್ಟಿ ಇದ್ದರೆ ನಡೆಯಿರಿ, ಇಪ್ಪತ್ತು ಇಪ್ಪತ್ತೈದು ನಿಮಿಷ. ದಾರಿಯಲ್ಲಿ ಅಲ್ಕಾಂತರಾ ಸೇತುವೆ ಸಿಗುತ್ತದೆ. ರೋಮನ್ನರು ಹಾಕಿದ ತಳಪಾಯ, ಆಮೇಲೆ ಬಂದವರೆಲ್ಲ ಕಟ್ಟುತ್ತಾ ಕೆಡವುತ್ತಾ ರಿಪೇರಿ ಮಾಡುತ್ತಾ ಉಳಿಸಿಕೊಂಡದ್ದು. ಅರಬ್ಬಿಯಲ್ಲಿ 'ಅಲ್ ಕಂತರಾ' ಅಂದರೆ ಸೇತುವೆ ಅಂತಲೇ ಅರ್ಥ. ಅಂದರೆ ಸ್ಪ್ಯಾನಿಷ್‌ನವರು ಅದನ್ನು ಕರೆಯುವುದು 'ಸೇತುವೆ ಸೇತುವೆ' ಅಂತ. ನಾವು 'ಗೇಟು ಬಾಗಿಲು' ಅನ್ನುವುದಿಲ್ಲವೇ, ಹಾಗೆ.

ಗುಡ್ಡ ಹತ್ತುವುದಕ್ಕೆ ಹೆದರಬೇಡಿ. ಈ ಕಡೆಯಲ್ಲೂ ಊರಿನ ಇನ್ನೊಂದು ಕಡೆಯಲ್ಲೂ ಬಯಲಲ್ಲೇ ಎಸ್ಕಲೇಟರ್ ಹಾಕಿದ್ದಾರೆ, ದುಡ್ಡಿಲ್ಲ. ಹಳೇ ಊರಿಗೆ ಎಸ್ಕಲೇಟರ್ ಏನು ಶೋಭೆ ಅಂತ ನನಗೆ ಮೊದಲು ಅನ್ನಿಸಿತ್ತು. ಅಪ್ಪನ ಮಂಡಿ ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು.

ಮೇಲೆ ಹತ್ತಿದರೆ ಸೊಕೊದೊವೆರ್ ಚೌಕ. ಇದೂ ಅರಬ್ಬಿ ಹೆಸರೇ. ಕುದುರೆ, ಕತ್ತೆ, ದನಗಳ ಸಂತೆ ಅಂತ ಅರ್ಥ. ಹೆಚ್ಚಿನ ಗೈಡ್‌ಗಳು ಇಲ್ಲೇ ಸಿಗುತ್ತಾರೆ. ಹತ್ತು ಗಂಟೆಗೆ ಗೊತ್ತು ಮಾಡಿಕೊಂಡಿದ್ದರೆ ಅಷ್ಟರಲ್ಲಿ ಒಂದು ಕಾಫಿ ಆಗುತ್ತದೆ. 'ಕಫೆ ಕೋನ್ ಲೆಚೆ' ಅಂದರೆ ಹಾಲು ಹಾಕಿದ ಕಾಫಿ. ನಮ್ಮ ಫಿಲ್ಟರ್ ಕಾಫಿಯ ಹತ್ತಿರಕ್ಕೂ ಬರುವುದಿಲ್ಲ, ಆದರೆ ಚಳಿಗೆ ಪರವಾಗಿಲ್ಲ.

10: ಇಟ್ಟಿಗೆಯ ಚಿಕ್ಕ ಮಸೀದಿ

ಗೈಡ್ ಸೀದಾ ಕೆಥೆಡ್ರಲ್‌ಗೆ ಹೊರಟರೆ ತಡೆಯಿರಿ. ಮೊದಲು ಕ್ರಿಸ್ತೊ ದೆ ಲಾ ಲೂಸ್‌ಗೆ ಕರೆದುಕೊಂಡು ಹೋಗಲು ಹೇಳಿ. ಚೌಕದಿಂದ ಕೆಲವೇ ನಿಮಿಷ ಇಳಿದರೆ ಸಿಗುತ್ತದೆ. ಒಂದು ದೊಡ್ಡ ಹಾಲ್‌ನಷ್ಟೂ ಇಲ್ಲದ ಕಟ್ಟಡ. ಆದರೆ ಟೊಲೆಡೊವನ್ನು ಓದಲು ಕಲಿಸುವುದು ಇದೇ.

999ರಲ್ಲಿ ಮಸೀದಿಯಾಗಿ ಕಟ್ಟಿದ್ದು. ವರ್ಷ ಹೇಗೆ ಗೊತ್ತು ಅಂದರೆ, ಮುಂಭಾಗದ ಮೇಲೆ ಇಟ್ಟಿಗೆಯಲ್ಲೇ ಜೋಡಿಸಿದ ಅರಬ್ಬಿ ಶಾಸನ ಇದೆ. ಕಟ್ಟಿದ ಮೇಸ್ತ್ರಿಯ ಹೆಸರನ್ನೂ ಹೇಳುತ್ತದೆ: ಮೂಸಾ ಇಬ್ನ್ ಅಲಿ. ಒಳಗೆ ನಾಲ್ಕು ಕಂಬ. ಅವು ಚಾವಣಿಯನ್ನು ಒಂಬತ್ತು ಚೌಕಗಳಾಗಿ ಹಂಚುತ್ತವೆ. ಒಂಬತ್ತರ ಮೇಲೂ ಪುಟ್ಟ ಗುಮ್ಮಟ, ಒಂದರ ಹಾಗೆ ಇನ್ನೊಂದಿಲ್ಲ. ಕತ್ತು ನೋಯುವವರೆಗೆ ಮೇಲೆ ನೋಡಿ. ಆಮೇಲೆ ಕಂಬದ ತಲೆಯನ್ನು ನೋಡಿ. ಅವು ವಿಸಿಗಾತರ ಹಳೇ ಕಟ್ಟಡಗಳಿಂದ ಕಿತ್ತು ತಂದವು. ಹೊರಗೆ ಅಗೆದಾಗ ರೋಮನ್ನರ ಕಲ್ಲುಹಾಸಿನ ರಸ್ತೆ ಸಿಕ್ಕಿದೆ.

12ನೇ ಶತಮಾನದಲ್ಲಿ ಇದು ಚರ್ಚ್ ಆಯಿತು. ಹಿಂದೆ ಅರ್ಧವೃತ್ತದ ಒಂದು ಭಾಗ ಸೇರಿಸಿದರು. ಅದನ್ನೂ ಹಳೆಯ ಭಾಗದ ಹಾಗೆಯೇ ಇಟ್ಟಿಗೆಯಲ್ಲಿ, ಅದೇ ತರಹದ ಕಮಾನು ಇಟ್ಟು ಕಟ್ಟಿದರು. ಯಾರಿಗಾಗಿ? ಕ್ರೈಸ್ತರಿಗಾಗಿ. ಕೆಲಸದ ಕೈ ಎಲ್ಲಿ ಪಳಗಿದ್ದು? ಮುಸ್ಲಿಂ ಮೇಸ್ತ್ರಿಗಳ ಬಳಿ. ಈ ಶೈಲಿಗೆ 'ಮುದೇಹಾರ್' ಅನ್ನುತ್ತಾರೆ. ಈ ಪದ ನೆನಪಿಟ್ಟುಕೊಳ್ಳಿ, ಸಂಜೆಯವರೆಗೆ ಬೇಕಾಗುತ್ತದೆ.

ಹೆಸರಿನ ಹಿಂದೆ ಒಂದು ದಂತಕಥೆ ಇದೆ. ಊರು ಗೆದ್ದ ಅಲ್ಫೋನ್ಸೊ ಈ ದಾರಿಯಲ್ಲಿ ಬರುವಾಗ ಅವನ ಕುದುರೆ ಇಲ್ಲಿ ಮಂಡಿಯೂರಿತಂತೆ. ಗೋಡೆ ಒಡೆದು ನೋಡಿದರೆ ಒಳಗೆ ಶಿಲುಬೆಯ ಮುಂದೆ ನೂರಾರು ವರ್ಷದಿಂದ ದೀಪ ಆರದೆ ಉರಿಯುತ್ತಿತ್ತಂತೆ. ನಮ್ಮಲ್ಲೂ ಊರೂರಿಗೆ ಇಂಥ ಸ್ಥಳಪುರಾಣ ಇದ್ದೇ ಇರುತ್ತದೆ. ಕುದುರೆ ಮಂಡಿಯೂರಿದ ಜಾಗದಲ್ಲಿ ಬೀದಿಯ ಕಲ್ಲುಗಳ ನಡುವೆ ಒಂದು ಬಿಳಿ ಕಲ್ಲು ಇಟ್ಟಿದ್ದಾರೆ. ಗೈಡ್ ತೋರಿಸದಿದ್ದರೆ ಕೇಳಿ.

11: ಕೆಥೆಡ್ರಲ್

ವಿಸಿಗಾತರ ಚರ್ಚ್ ಇದ್ದ ಜಾಗದಲ್ಲಿ ಮುಸ್ಲಿಮರ ದೊಡ್ಡ ಮಸೀದಿ, ಮಸೀದಿ ಇದ್ದ ಜಾಗದಲ್ಲಿ ಈಗಿನ ಕೆಥೆಡ್ರಲ್. 1226ರ ಹೊತ್ತಿಗೆ ಶುರುವಾದ ಕೆಲಸ ಮುಗಿದದ್ದು 1493ರಲ್ಲಿ.

ಇಲ್ಲಿ ಒಂದು ಕಥೆ ಹೇಳುತ್ತಾರೆ. ಮಸೀದಿಯನ್ನು ಮುಟ್ಟುವುದಿಲ್ಲ ಅಂತ ಅಲ್ಫೋನ್ಸೊ ಮಾತು ಕೊಟ್ಟಿದ್ದ. ಅವನು ಊರಲ್ಲಿ ಇಲ್ಲದಾಗ ರಾಣಿಯೂ ಬಿಷಪ್ಪರೂ ಸೇರಿ ಅದನ್ನು ವಶಪಡಿಸಿಕೊಂಡರು. ರಾಜ ಸಿಟ್ಟಿನಿಂದ ವಾಪಸ್ ಬಂದ. ಆಗ ಮುಸ್ಲಿಂ ಧರ್ಮಪಂಡಿತನೊಬ್ಬ ಎದುರು ಹೋಗಿ, ರಕ್ತ ಹರಿಯುವುದು ಬೇಡ, ಅವರನ್ನು ಕ್ಷಮಿಸಿ ಅಂತ ಬೇಡಿಕೊಂಡ. ಆ ಪಂಡಿತನ ಮೂರ್ತಿಯನ್ನು ಕೆಥೆಡ್ರಲ್‌ನ ಮುಖ್ಯ ಪೂಜಾಸ್ಥಾನದಲ್ಲೇ ಇಟ್ಟಿದ್ದಾರೆ. ಕಥೆ ಎಷ್ಟು ನಿಜವೋ, ಮೂರ್ತಿ ಮಾತ್ರ ಇದೆ. ಸೋತವನಿಗೆ ಗೌರವ ಕೊಟ್ಟದ್ದೋ, ಕೊಟ್ಟ ಮಾತು ತಪ್ಪಿದ್ದನ್ನು ಮುಚ್ಚಿಕೊಂಡದ್ದೋ, ನೋಡಿ ನೀವೇ ತೀರ್ಮಾನಿಸಿ.

ಒಳಗೆ ಕಣ್ಣು ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ. ನಾನು ನಾಲ್ಕು ಹೇಳುತ್ತೇನೆ. ಪೂಜಾಸ್ಥಾನದ ಸುತ್ತ ಪ್ರದಕ್ಷಿಣೆ ಹಾಕುವಾಗ ಮೇಲೆ ನೋಡಿ, ಒಂದರೊಳಗೊಂದು ಹೆಣೆದ ಅರಬ್ಬಿ ಮಾದರಿಯ ಕಮಾನುಗಳು ಕಾಣುತ್ತವೆ. ಹಿಂಭಾಗದಲ್ಲಿ 'ಟ್ರಾನ್ಸ್‌ಪರೆಂತೆ' ಇದೆ. 18ನೇ ಶತಮಾನದಲ್ಲಿ ನಾರ್ಸಿಸೊ ತೊಮೆ ಎಂಬ ಶಿಲ್ಪಿ ಬೆಳಕಿಗಾಗಿ ಚಾವಣಿಯನ್ನೇ ಕೊರೆದು, ಆ ತೂತಿನ ಸುತ್ತ ದೇವದೂತರ ಸಂತೆ ನೆರೆಸಿದ್ದಾನೆ. ಅತಿ ಆಯಿತು ಅನ್ನುವವರೂ ಇದ್ದಾರೆ. ನನಗಂತೂ ಇಷ್ಟ. ಮೂರನೆಯದು, ಅಲ್ಲಲ್ಲಿ ಚಾವಣಿಯಿಂದ ತೂಗುವ ಕೆಂಪು ಟೋಪಿಗಳು. ಕಾರ್ಡಿನಲ್ ಎಂಬ ಹಿರಿಯ ಪಾದ್ರಿಗಳ ಸಮಾಧಿಯ ಮೇಲೆ ಅವರವರ ಟೋಪಿ ನೇತುಹಾಕುತ್ತಾರೆ. ನಾಲ್ಕನೆಯದು ಸ್ಯಾಕ್ರಿಸ್ಟಿ ಎಂಬ ಕೋಣೆಯಲ್ಲಿ ಎಲ್ ಗ್ರೆಕೊ ಎಂಬ ಕಲಾವಿದ ಬಿಡಿಸಿದ ಚಿತ್ರ. ಕ್ರಿಸ್ತನ ಕೆಂಪು ಅಂಗಿ ಒಂದೇ ಸಾಕು, ಕೋಣೆ ಬೆಳಗುತ್ತದೆ.

ಮೊಸಾರಾಬಿಕ್ ಚಾಪೆಲ್ ಎಲ್ಲಿದೆ ಅಂತಲೂ ಕೇಳಿ. ಮುಸ್ಲಿಂ ಆಳ್ವಿಕೆಯಲ್ಲಿ ಅರಬ್ಬಿ ಮಾತಾಡುತ್ತಾ ಕ್ರೈಸ್ತರಾಗಿಯೇ ಉಳಿದವರು ಮೊಸಾರಬರು. ಅವರ ಹಳೇ ಪೂಜಾಪದ್ಧತಿ ರೋಮಿನ ಪದ್ಧತಿಗಿಂತ ಬೇರೆ. ಅದು ಈ ಚಾಪೆಲ್‌ನಲ್ಲಿ ಇಂದಿಗೂ ನಡೆಯುತ್ತದೆ.

ಟಿಕೆಟ್ ಇಲ್ಲದ ಒಂದು ನಿಲ್ದಾಣ

ಕೆಥೆಡ್ರಲ್‌ನಿಂದ ಹೊರಗೆ ಬಂದು ಮೆಟ್ಟಿಲ ಹತ್ತಿರ ಐದು ನಿಮಿಷ ಕೂತುಕೊಳ್ಳಿ. ಟೊಲೆಡೊದ ಅತಿ ದೊಡ್ಡ ಕೆಲಸಕ್ಕೆ ನೋಡಲು ಕಟ್ಟಡವೇ ಇಲ್ಲ. 12ನೇ ಶತಮಾನದಲ್ಲಿ ಅರಬ್ಬಿ ಪುಸ್ತಕಗಳನ್ನು ಲ್ಯಾಟಿನ್‌ಗೆ ತರುವವರು ಈ ಊರಿಗೆ ಬಂದು ಸೇರಿದರು. ಇಟಲಿಯಿಂದ ಬಂದ ಕ್ರೆಮೋನಾದ ಜೆರಾರ್ಡ್ ಒಬ್ಬನೇ ಎಪ್ಪತ್ತು ಗ್ರಂಥಗಳ ಅನುವಾದ ಮಾಡಿದ ಅಂತ ಅವನ ಶಿಷ್ಯರು ಪಟ್ಟಿ ಬರೆದಿಟ್ಟಿದ್ದಾರೆ. ಕೆಲವು ಅನುವಾದ ಇಬ್ಬರು ಕೂತು ಮಾಡುತ್ತಿದ್ದದ್ದು. ಯಹೂದಿ ವಿದ್ವಾಂಸ ಅರಬ್ಬಿ ಓದಿ ಊರಿನ ಆಡುಮಾತಿನಲ್ಲಿ ಹೇಳುತ್ತಿದ್ದ, ಕ್ರೈಸ್ತ ಪಾದ್ರಿ ಕೇಳಿಕೊಂಡು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದ. ನಡುವೆ ಒಂದು ಆಡುಮಾತು ಇಲ್ಲದಿದ್ದರೆ ಆ ಪುಸ್ತಕಗಳು ದಾಟುತ್ತಲೇ ಇರಲಿಲ್ಲ.

ಇಲ್ಲಿ ನಮಗೂ ಒಂದು ನಂಟಿದೆ. ಅದಕ್ಕೂ ಮುಂಚೆ, 1068ರಲ್ಲಿ, ಟೊಲೆಡೊದ ಖಾಜಿ ಸಾಯಿದ್ ಅಲ್ ಅಂದಲೂಸಿ ವಿದ್ಯೆ ಬೆಳೆಸಿದ ಜನಾಂಗಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಮೊದಲ ಜಾಗ ಕೊಟ್ಟದ್ದು ಭಾರತದವರಿಗೆ. ಇನ್ನೊಂದು ಇನ್ನೂ ಹತ್ತಿರದ್ದು. ಟೊಲೆಡೊದಲ್ಲೇ ಹುಟ್ಟಿದ ಹತ್ತನೇ ಅಲ್ಫೋನ್ಸೊ ಪಟ್ಟಕ್ಕೆ ಬರುವ ಮೊದಲು, 1251ರ ಸುಮಾರಿಗೆ, ಅರಬ್ಬಿಯ ಒಂದು ಕಥಾಪುಸ್ತಕವನ್ನು ಸ್ಪ್ಯಾನಿಷ್‌ಗೆ ಮಾಡಿಸಿದ. ಹೆಸರು 'ಕಲೀಲಾ ಮತ್ತು ದಿಮ್ನಾ'. ಎರಡು ನರಿಗಳು. ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ? ಕರಟಕ, ದಮನಕ. ನಮ್ಮ ಪಂಚತಂತ್ರ. ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದದ್ದು 11ನೇ ಶತಮಾನದಲ್ಲಿ, ಅಂದರೆ ಸ್ಪ್ಯಾನಿಷ್‌ಗಿಂತ ಇನ್ನೂರು ವರ್ಷ ಮೊದಲು. ನಮ್ಮ ಗೈಡ್‌ಗೆ ಇದನ್ನು ಹೇಳಿದಾಗ ಆಕೆ ನೋಟ್‌ಬುಕ್ ತೆಗೆದು ಬರೆದುಕೊಂಡರು.

12:30: ಒಂದೇ ಚಿತ್ರಕ್ಕಾಗಿ ಒಂದು ಚರ್ಚು

ಗೈಡ್ ಜೊತೆಗಿನ ಕೊನೆಯ ಜಾಗ ಸಾಂತೊ ತೊಮೆ. ಒಳಗೆ ಇರುವುದು ಒಂದೇ ದೊಡ್ಡ ಚಿತ್ರ, 'ಒರ್ಗಾಸ್ ಕೌಂಟ್‌ನ ಅಂತ್ಯಕ್ರಿಯೆ'. ಬಿಡಿಸಿದ ಎಲ್ ಗ್ರೆಕೊ ಇಲ್ಲಿಯವನಲ್ಲ, ಕ್ರೀಟ್ ದ್ವೀಪದ ಗ್ರೀಕ್ ಮನುಷ್ಯ. 'ಗ್ರೆಕೊ' ಅಂದರೆ ಗ್ರೀಕ್‌ನವನು ಅಂತಲೇ. 1577ರಲ್ಲಿ ಬಂದವನು 1614ರಲ್ಲಿ ಸಾಯುವವರೆಗೆ ಇಲ್ಲೇ ಇದ್ದ.

ಚಿತ್ರದ ಕೆಳಗಿನ ಅರ್ಧ ಭೂಮಿ, ಮೇಲಿನ ಅರ್ಧ ಸ್ವರ್ಗ. ಕೆಳಗೆ ಎಡಕ್ಕೆ ಕೈ ತೋರಿಸುತ್ತಾ ನಿಂತ ಹುಡುಗ ಕಲಾವಿದನ ಮಗ. ಅವನ ಜೇಬಿನ ಕರವಸ್ತ್ರದ ಮೇಲೆ 1578 ಅಂತ ಮಗ ಹುಟ್ಟಿದ ವರ್ಷ ಬರೆದಿದ್ದಾನೆ. ಸತ್ತ ಕೌಂಟ್ 14ನೇ ಶತಮಾನದವನು, ಸುತ್ತ ನಿಂತ ಗಣ್ಯರು ಮಾತ್ರ ಕಲಾವಿದನ ಕಾಲದ ಟೊಲೆಡೊದವರು. ಫೋಟೊ ತೆಗೆಯುವಂತಿಲ್ಲ. ಜನ ತುಂಬಿದ್ದರೆ ಹಿಂದಿನ ಗೋಡೆಗೆ ಒರಗಿ ನಿಲ್ಲಿ. ಒಂದು ಗುಂಪು ಹೋಗಿ ಇನ್ನೊಂದು ಬರುವ ನಡುವೆ ಎರಡು ನಿಮಿಷ ಖಾಲಿ ಸಿಗುತ್ತದೆ.

ಇಲ್ಲಿ ಗೈಡ್‌ಗೆ ಹಣ ಕೊಟ್ಟು ಬೀಳ್ಕೊಡಿ.

ಊಟ: ಸಸ್ಯಾಹಾರಿಗಳಿಗೆ ಸ್ವಲ್ಪ ಎಚ್ಚರ

ಸ್ಪೇನಿನಲ್ಲಿ ಮಧ್ಯಾಹ್ನದ ಊಟ ಒಂದೂವರೆಗೆ ಶುರು. ಹನ್ನೆರಡಕ್ಕೆ ಹೋಗಿ ಕೂತರೆ ಅಡುಗೆಮನೆ ತೆರೆದೇ ಇರುವುದಿಲ್ಲ. ವಾರದ ದಿನಗಳಲ್ಲಿ 'ಮೆನು ದೆಲ್ ದಿಯಾ' ಕೇಳಿ. ಎರಡು ಬಗೆ, ಬ್ರೆಡ್, ಸಿಹಿ ಎಲ್ಲ ಸೇರಿ ಒಂದೇ ಬೆಲೆ, ನಮ್ಮ ಊಟದ ಹೋಟೆಲಿನ ಲೆಕ್ಕ.

ಮಾಂಸ ತಿನ್ನುವವರಿಗೆ ಇದು ಬೇಟೆಯ ನಾಡು. ಕೌಜುಗದ ಹಕ್ಕಿಯ ಪಲ್ಯ, ಜಿಂಕೆಯ ಮಾಂಸ, 'ಕಾರ್ಕಮೂಸಾಸ್' ಎಂಬ ಹಂದಿಮಾಂಸದ ಗಟ್ಟಿ ಸಾರು. ತಿನ್ನದವರು 'ಪಿಸ್ತೊ' ಕೇಳಿ. ಟೊಮೆಟೊ, ದೊಣ್ಣೆಮೆಣಸಿನಕಾಯಿ, ಈರುಳ್ಳಿ ಎಲ್ಲ ಎಣ್ಣೆಯಲ್ಲಿ ಬೇಯಿಸಿದ್ದು, ಹೆಚ್ಚು ಕಡಿಮೆ ನಮ್ಮ ಗೊಜ್ಜು, ಖಾರ ಮಾತ್ರ ಇಲ್ಲ. ಮೇಲೆ ಹುರಿದ ಮೊಟ್ಟೆ ಇಟ್ಟು ಕೊಡುವುದು ವಾಡಿಕೆ, ಬೇಡವಾದರೆ 'ಸಿನ್ ವೆವೊ' ಅನ್ನಿ. 'ಸಿನ್ ಕಾರ್ನೆ' ಅಂದರೆ ಮಾಂಸ ಬೇಡ. ಅಷ್ಟೇ ಹೇಳಿದರೆ ಸಾಲದು, 'ಸಿನ್ ಹಮೋನ್' ಅಂತಲೂ ಸೇರಿಸಿ. ಹಮೋನ್ ಅಂದರೆ ಒಣಗಿಸಿದ ಹಂದಿ ತೊಡೆ. ಅದನ್ನು ಮಾಂಸದ ಲೆಕ್ಕಕ್ಕೇ ಹಿಡಿಯದೆ ಮೇಲೆ ಉದುರಿಸುವವರು ಇದ್ದಾರೆ. ನಮ್ಮ ಅಪ್ಪ ಪುಳಿಯೋಗರೆ ಡಬ್ಬಿ ತಂದಿದ್ದರು, ಹಾಗಾಗಿ ನೆಮ್ಮದಿಯಾಗಿದ್ದರು.

3 ಗಂಟೆ: ಯಹೂದಿಗಳ ಕೇರಿ, ನಿಮ್ಮಷ್ಟಕ್ಕೆ

ಸಾಂತೊ ತೊಮೆಯ ಆಚೆಗೆ ಬೀದಿಗಳು ಇಳಿಯುತ್ತಾ ಕಿರಿದಾಗುತ್ತವೆ. ನೆಲ ನೋಡಿ ನಡೆಯಿರಿ. ಕಲ್ಲುಗಳ ನಡುವೆ ಪುಟ್ಟ ನೀಲಿ ಬಿಳಿ ಹಂಚುಗಳನ್ನು ಕೂರಿಸಿದ್ದಾರೆ. ಏಳು ಕವಲಿನ ದೀಪ, ಹೀಬ್ರೂ ಅಕ್ಷರ. ಅವು ಕಂಡರೆ ಕೇರಿಯೊಳಗೆ ಇದ್ದೀರಿ ಅಂತ ಅರ್ಥ.

ಮೊದಲು ಎಲ್ ಟ್ರಾನ್ಸಿತೊ. 1350ರ ದಶಕದಲ್ಲಿ ಸ್ಯಾಮುವೆಲ್ ಹಾಲೇವಿ ಕಟ್ಟಿಸಿದ್ದು. ಆತ ರಾಜ ಪೆದ್ರೊನ ಖಜಾಂಚಿ. ಹೊರಗಿನಿಂದ ಸಪ್ಪೆ, ಒಳಗೆ ಒಂದೇ ಎತ್ತರದ ಹಜಾರ. ಗೋಡೆಯ ಮೇಲೆಲ್ಲ ಗಾರೆಯಲ್ಲಿ ಕೆತ್ತಿದ ಬಳ್ಳಿ, ಅದರ ನಡುವೆ ಹೀಬ್ರೂ ಶಾಸನ, ಅರಬ್ಬಿ ಅಕ್ಷರ, ಕ್ಯಾಸ್ಟೀಲ್ ರಾಜನ ಲಾಂಛನ. ಮೂವರೂ ಒಂದೇ ಗೋಡೆಯಲ್ಲಿ. ಮೇಲೆ ಮರದ ಚಾವಣಿ, ಪಕ್ಕದಲ್ಲಿ ಹೆಂಗಸರು ಕೂರುತ್ತಿದ್ದ ಮಹಡಿ. ಕಟ್ಟಿಸಿದ ಕೆಲವೇ ವರ್ಷದಲ್ಲಿ ಅದೇ ರಾಜ ಹಾಲೇವಿಯನ್ನು ಸೆರೆಗೆ ಹಾಕಿಸಿದ, ಚಿತ್ರಹಿಂಸೆಯಲ್ಲಿ ಆತ ಸತ್ತ. ಈಗ ಇದು ಸ್ಪೇನಿನ ಯಹೂದಿಗಳ ಮ್ಯೂಸಿಯಂ. ಇಲ್ಲಿ ಅವಸರ ಮಾಡಬೇಡಿ.

ಐದು ನಿಮಿಷ ಮುಂದೆ ಸಾಂತಾ ಮರಿಯಾ ಲಾ ಬ್ಲಾಂಕಾ. ಮೊದಲು ಹೇಳಿದೆನಲ್ಲ, ಚರ್ಚಿನ ಹೆಸರು, ಮಸೀದಿಯ ರೂಪ, ಹುಟ್ಟಿನಿಂದ ಸಿನಗಾಗ್. ಬೆಳ್ಳನೆಯ ಕಂಬಗಳ ಸಾಲು, ಮೇಲೆ ಕುದುರೆ ಲಾಳದಂಥ ಕಮಾನುಗಳು. ಕಂಬದ ತಲೆಯಲ್ಲಿ ಪೈನ್ ಕಾಯಿಯ ಕೆತ್ತನೆ. ನೀವು ಬೆಳಿಗ್ಗೆ ಕೇಳಿಕೊಂಡ ಎರಡು ಪ್ರಶ್ನೆಯನ್ನು ಇಲ್ಲಿ ಮಕ್ಕಳಿಗೆ ಕೇಳಿ, ಅವರೇ ಉತ್ತರ ಹೇಳುತ್ತಾರೆ. 15ನೇ ಶತಮಾನದ ಆರಂಭದಲ್ಲಿ ಇದನ್ನು ಕಿತ್ತುಕೊಂಡು ಚರ್ಚ್ ಮಾಡಿದರು. ಮುಂದೆ ಸೈನಿಕರ ಬಿಡಾರವಾಗಿಯೂ ಉಗ್ರಾಣವಾಗಿಯೂ ಇತ್ತು.

ಬೀದಿಯ ಕೊನೆಗೆ ಸಾನ್ ಹ್ವಾನ್ ದೆ ಲೋಸ್ ರೇಯೆಸ್ ಮಠ. ಯಹೂದಿಗಳನ್ನು ಹೊರಹಾಕಿದ ಅದೇ ಇಸಬೆಲ್ಲಾ, ಫರ್ಡಿನಾಂಡ್ ಕಟ್ಟಿಸಿದ್ದು. ಯಹೂದಿ ಕೇರಿಗೆ ಅಂಟಿಕೊಂಡೇ. ಹೊರಗೋಡೆಯಲ್ಲಿ ಕಬ್ಬಿಣದ ಸರಪಳಿಗಳು ನೇತಾಡುತ್ತವೆ. ಮುಸ್ಲಿಂ ರಾಜ್ಯದ ಸೆರೆಯಿಂದ ಬಿಡಿಸಿ ತಂದ ಕ್ರೈಸ್ತ ಬಂದಿಗಳವು. ಒಳಗಿನ ಎರಡಂತಸ್ತಿನ ಅಂಗಳದಲ್ಲಿ ಮೇಲಿನ ಮರದ ಚಾವಣಿ ನೋಡಿ. ಮತ್ತೆ ಮುದೇಹಾರ್.

ಏನು ಕೊಳ್ಳಬಹುದು

ಬೀದಿಯುದ್ದಕ್ಕೂ ಕತ್ತಿಯ ಅಂಗಡಿ. ಟೊಲೆಡೊದ ಉಕ್ಕು ರೋಮನ್ನರ ಕಾಲದಿಂದ ಹೆಸರುವಾಸಿ. ಆದರೆ ವಿಮಾನದ ಕೈಚೀಲದಲ್ಲಿ ಒಯ್ಯುವಂತಿಲ್ಲ, ಉದ್ದದ ಅಲಗಿಗೆ ನಮ್ಮ ದೇಶದ ಕಾನೂನಿನಲ್ಲೂ ತಕರಾರಿದೆ. ನೋಡಿ, ಫೋಟೊ ಹೊಡೆದು, ಮುಂದೆ ಹೋಗಿ.

ಕೊಳ್ಳುವುದಾದರೆ 'ದಮಸ್ಕಿನಾದೊ'. ಉಕ್ಕಿನ ಮೇಲ್ಮೈಯನ್ನು ಒರಟು ಮಾಡಿ, ಅದರ ಮೇಲೆ ಚಿನ್ನದ ತಂತಿಯನ್ನು ಬಡಿದು ಕೂರಿಸಿ, ಆಮೇಲೆ ಉಕ್ಕನ್ನು ಕಪ್ಪು ಮಾಡುತ್ತಾರೆ. ಬೀದರಿನ ಬಿದರಿ ಕೆಲಸ ನೋಡಿದವರಿಗೆ ತಕ್ಷಣ ನೆಂಟರ ಮನೆಗೆ ಬಂದ ಹಾಗಾಗುತ್ತದೆ. ನಮ್ಮದರಲ್ಲಿ ಸತುವಿನ ಲೋಹ, ಬೆಳ್ಳಿ, ಬೀದರ್ ಕೋಟೆಯ ಮಣ್ಣು. ಯಂತ್ರದಲ್ಲಿ ಅಚ್ಚು ಹೊಡೆದದ್ದೇ ಅಲ್ಲಿ ಜಾಸ್ತಿ. 'ಎಚೊ ಆ ಮಾನೊ?' ಅಂತ ಕೇಳಿ, ಕೈಯಲ್ಲಿ ಮಾಡಿದ್ದಾ ಅಂತ ಅರ್ಥ. ಒಬ್ಬರು ಕೂತು ಬಡಿಯುತ್ತಿರುವ ಅಂಗಡಿ ಸಿಕ್ಕರೆ ಅಲ್ಲೇ ಕೊಳ್ಳಿ.

ಇನ್ನೊಂದು ಮಾಸಾಪಾನ್. ಬಾದಾಮಿ, ಸಕ್ಕರೆ ಅರೆದು ಮಾಡಿದ ಸಿಹಿ, ನಮ್ಮ ಬಾದಾಮಿ ಬರ್ಫಿಯ ದೂರದ ಅಕ್ಕ. ಕೆಲವು ಮಠಗಳಲ್ಲಿ ಸನ್ಯಾಸಿನಿಯರೇ ಮಾಡಿ ಮಾರುತ್ತಾರೆ. ಮೊಟ್ಟೆ ತಿನ್ನದವರು ಕೇಳಿಯೇ ತೆಗೆದುಕೊಳ್ಳಿ. ಹಲವು ಬಗೆಗೆ ಮೊಟ್ಟೆಯ ಹಳದಿ ಸವರಿ ಸುಡುತ್ತಾರೆ, ಒಳಗೂ ತುಂಬುತ್ತಾರೆ.

5:30: ನದಿ ದಾಟಿ

ಮಠದಿಂದ ಕೆಳಗಿಳಿದರೆ ಸಾನ್ ಮಾರ್ತಿನ್ ಸೇತುವೆ. ದಾಟಿ ಆಚೆ ದಡದಲ್ಲಿ ಸ್ವಲ್ಪ ನಿಲ್ಲಿ. ಅಲ್ಲಿಂದ ನದಿಯ ತಿರುವಿನ ಮೇಲಿರುವ 'ಮಿರದೋರ್ ದೆಲ್ ವಾಯೆ' ನೋಟದ ಜಾಗಕ್ಕೆ ನಡೆದು ಹೋಗಬಹುದು, ಆದರೆ ದೂರ, ಏರು. ದಿನವಿಡೀ ನಡೆದಿದ್ದೀರಿ, ಟ್ಯಾಕ್ಸಿ ಮಾಡಿ. ಮೇಲಿನಿಂದ ಇಡೀ ಊರು ಒಂದೇ ನೋಟಕ್ಕೆ ಸಿಗುತ್ತದೆ. ಎಡಕ್ಕೆ ಮಠ, ನಡುವೆ ಕೆಥೆಡ್ರಲ್ ಗೋಪುರ, ಬಲಕ್ಕೆ ಅಲ್ಕಾಸರ್ ಕೋಟೆ. ಆ ಕೋಟೆ 1936ರ ಅಂತರ್ಯುದ್ಧದ ಮುತ್ತಿಗೆಯಲ್ಲಿ ಪುಡಿಯಾಗಿ, ಆಮೇಲೆ ಮತ್ತೆ ಕಟ್ಟಿದ್ದು. ಬೆಳಿಗ್ಗೆ ಟೂರ್ ಬಸ್ಸುಗಳು ಸಾಲುಗಟ್ಟಿ ನಿಲ್ಲುವ ಜಾಗ ಇದು. ಸಂಜೆಯ ಬೆಳಕಿನಲ್ಲಿ ಕಲ್ಲು ಜೇನಿನ ಬಣ್ಣಕ್ಕೆ ತಿರುಗುವಾಗ ಜನ ಕಡಿಮೆ.

ಟ್ಯಾಕ್ಸಿಯವರನ್ನು ಹತ್ತು ನಿಮಿಷ ಕಾಯಲು ಹೇಳಿ, ಅದೇ ಗಾಡಿಯಲ್ಲಿ ನಿಲ್ದಾಣಕ್ಕೆ ಹೋಗಿ. ಆ ನೋಟದ ಜಾಗದಲ್ಲಿ ಮತ್ತೆ ಗಾಡಿ ಹಿಡಿಯುವುದು ಕಷ್ಟ.

ನಿಲ್ದಾಣಕ್ಕೆ ರೈಲಿಗಿಂತ ಇಪ್ಪತ್ತು ನಿಮಿಷ ಮೊದಲೇ ಸೇರಿ. ಬೆಳಿಗ್ಗೆ ಅವಸರದಲ್ಲಿ ನೀವು ಅದನ್ನು ನೋಡಿರುವುದಿಲ್ಲ. ಬಣ್ಣದ ಗಾಜು, ಹೊಳೆಯುವ ಹಂಚು, ಕೆತ್ತನೆಯ ಮರದ ಟಿಕೆಟ್ ಕೌಂಟರ್, ಹೆಣೆದ ಕಮಾನುಗಳು. ಅಪ್ಪ ಒಂದು ಸುತ್ತು ಹಾಕಿ ಬಂದು, 'ಇದೂ ಮೊದಲು ಮಸೀದಿಯಾಗಿತ್ತೇನೋ?' ಅಂದರು. ಅಲ್ಲ. ಮೊದಲಿನಿಂದಲೂ ರೈಲ್ವೆ ನಿಲ್ದಾಣವೇ. ಕಟ್ಟಿ ಮುಗಿಸಿದ್ದು 1919ರಲ್ಲಿ.